ಪೊಜ್ಜೊದ ಇಳಿಜಾರು: ಮಿಲಾನ್–ಸಾನ್ ರೆಮೊ ಸೈಕಲ್ ಓಟದ ತಂತ್ರಗಳ ಚರಿತ್ರೆ

ಇಟಲಿಯ ಕಡಲೂರು ಸಾನ್ ರೆಮೊ ಪಕ್ಕದಲ್ಲಿ ಪೊಜ್ಜೊ ಎಂಬ ದಿಬ್ಬವಿದೆ. ಅದರ ಏರುದಾರಿ 3.7 ಕಿ.ಮೀ. ಉದ್ದ. ಸರಾಸರಿ ಏರು ನೂರಕ್ಕೆ ನಾಲ್ಕರೊಳಗೆ, ತೀರ ಕಡಿದಾದ ಜಾಗದಲ್ಲಿ ಎಂಟು. ರಸ್ತೆಯ ಅಕ್ಕಪಕ್ಕ ಹೂ ಬೆಳೆಯುವ ಗಾಜಿನ ಮನೆಗಳು. ಹವ್ಯಾಸಿ ಸವಾರರೂ ನಿಲ್ಲದೆ ಹತ್ತಬಲ್ಲ ಈ ದಿಬ್ಬ, ಸುಮಾರು 300 ಕಿ.ಮೀ. ಓಟದ ಕೊನೆಗೆ ಬಂದು ನಿಂತಿರುವುದರಿಂದ ಜಗತ್ತಿನ ಒಂದು ದಿನದ ಸೈಕಲ್ ಓಟಗಳ ಚರಿತ್ರೆಯಲ್ಲೇ ಅತಿ ಹೆಚ್ಚು ಚರ್ಚೆಯಾದ ರಸ್ತೆಗಳಲ್ಲಿ ಒಂದಾಗಿದೆ.

ಮಿಲಾನ್–ಸಾನ್ ರೆಮೊ ಬಗ್ಗೆ ಬರೆದವರೆಲ್ಲ ಅದನ್ನು ಸ್ಪ್ರಿಂಟರ್‌ಗೂ ಏರು ಹತ್ತುವವನಿಗೂ ನಡುವಿನ ಜಗ್ಗಾಟವೆಂದೇ ಬಣ್ಣಿಸುತ್ತಾರೆ. ಏರು ಗೆದ್ದರೆ ಒಂಟಿ ಸವಾರ ಗೆಲ್ಲುತ್ತಾನೆ, ಸೋತರೆ ಗುಂಪಿನ ಕೊನೆಯ ಓಟದಲ್ಲಿ ವೇಗಿ ಗೆಲ್ಲುತ್ತಾನೆ ಎಂಬುದು ಈ ವಿವರಣೆ. ಇದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಸ್ಪರ್ಧೆಯ ಫಲಿತಾಂಶಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದಾಗ ಮೂರನೆಯ ಶಕ್ತಿಯೊಂದು ಮತ್ತೆ ಮತ್ತೆ ಎದುರಾಗುತ್ತದೆ. ಅದು ಇಳಿಯುವ ಕೌಶಲ. ಸ್ಪ್ರಿಂಟರ್‌ಗಳನ್ನು ಸೋಲಿಸಲೆಂದು ಸಂಘಟಕರು ಒಂದು ಏರನ್ನು ತಂದರು. ನಿಜವಾಗಿ ಅವರು ಓಟಕ್ಕೆ ಕೊಟ್ಟದ್ದು ಒಂದು ಇಳಿಜಾರನ್ನು ಎಂಬುದು ನನ್ನ ವಾದ.

ಮೊದಲ ಓಟ ನಡೆದದ್ದು 1907ರ ಏಪ್ರಿಲ್ 14ರಂದು, ಗಜೆತ್ತಾ ದೆಲ್ಲೋ ಸ್ಪೋರ್ಟ್ ಪತ್ರಿಕೆಯ ಆಶ್ರಯದಲ್ಲಿ. ಹೊರಟವರು 33 ಮಂದಿ. ಆಗಿನ ದಾರಿಯಲ್ಲಿ ಹೇಳಿಕೊಳ್ಳುವಂಥ ಏರು ತುರ್ಕಿನೊ ಕಣಿವೆದಾರಿಯೊಂದೇ. ಲೊಂಬಾರ್ದಿಯ ಬಯಲು ಮುಗಿದು ಕಡಲು ಕಾಣುವ ಮುನ್ನ ಅದು ಸಿಗುತ್ತದೆ. ಗೆದ್ದವನು ಫ್ರಾನ್ಸಿನ ಲೂಸಿಯೆನ್ ಪೆತಿ-ಬ್ರೆತೊನ್. ಅವನೂ ಇಟಲಿಯ ಜೊವಾನಿ ಜೆರ್ಬಿಯೂ ಬಿಯಾಂಕಿ ಕಂಪನಿಯ ಸವಾರರು. ಕೊನೆಯಲ್ಲಿ ಎದುರಾಳಿ ಗುಸ್ತಾವ್ ಗಾರಿಗುವನ್ನು ಜೆರ್ಬಿ ಅಡ್ಡಗಟ್ಟಿದ, ಅದಕ್ಕಾಗಿ ಅವನನ್ನು ಮೂರನೆಯ ಸ್ಥಾನಕ್ಕೆ ಇಳಿಸಲಾಯಿತು. ಒಬ್ಬನ ಗೆಲುವಿಗಾಗಿ ಇನ್ನೊಬ್ಬ ತನ್ನ ಓಟವನ್ನು ಬಲಿಕೊಡುವ ತಂಡನೀತಿ ಮುಂದೆಂದೋ ಹುಟ್ಟಿದ್ದೆಂದು ನಾವು ಭಾವಿಸುತ್ತೇವೆ. ಈ ಸ್ಪರ್ಧೆಯಲ್ಲಂತೂ ಅದು ಮೊದಲ ದಿನವೇ, ಒರಟಾದ ರೂಪದಲ್ಲಿ, ಹಾಜರಿತ್ತು.

ಆ ಕಾಲದ ಓಟದಲ್ಲಿ ತಂತ್ರಕ್ಕಿಂತ ತಾಳಿಕೆ ದೊಡ್ಡದು. 1910ರಲ್ಲಿ ತುರ್ಕಿನೊ ಮೇಲೆ ಹಿಮ ಬಿತ್ತು. ಯೂಜೀನ್ ಕ್ರಿಸ್ತೋಫ್ ದಾರಿಬದಿಯ ಮನೆಯೊಂದರಲ್ಲಿ ಮೈ ಕಾಯಿಸಿಕೊಂಡು ಮತ್ತೆ ಸೈಕಲ್ ಹತ್ತಿ, ಹನ್ನೆರಡು ಗಂಟೆಗೂ ಮೀರಿದ ಹೊತ್ತಿನಲ್ಲಿ ಗುರಿ ಮುಟ್ಟಿ ಗೆದ್ದ. ಅವನ ಹಿಂದೆ ಮುಟ್ಟಿದವರು ಬೆರಳೆಣಿಕೆಯಷ್ಟು ಜನ. 1946ರಲ್ಲಿ, ಯುದ್ಧ ಮುಗಿದ ನಂತರದ ಮೊದಲ ಓಟದಲ್ಲಿ, ಫೌಸ್ಟೊ ಕೊಪ್ಪಿ ಆರಂಭದಲ್ಲೇ ಮುಂದೆ ಹೋದವರ ಜೊತೆ ಸೇರಿ, ತುರ್ಕಿನೊ ಏರಿನಲ್ಲಿ ಎಲ್ಲರನ್ನೂ ಬಿಟ್ಟು, ಸುಮಾರು ನೂರೈವತ್ತು ಕಿ.ಮೀ. ಒಂಟಿಯಾಗಿ ಸಾಗಿ 14 ನಿಮಿಷಗಳ ಅಂತರದಿಂದ ಗೆದ್ದ. ಬಾಂಬು ಬಿದ್ದ ರಸ್ತೆ, ಹಸಿದ ದೇಶ, ಒಬ್ಬ ತೆಳ್ಳನೆಯ ಮನುಷ್ಯ: ಇಟಲಿ ಈ ಓಟವನ್ನು ಇಂದಿಗೂ ಮರೆತಿಲ್ಲ. ಆದರೆ ತಂತ್ರದ ಚರಿತ್ರೆಯಲ್ಲಿ ಅದೊಂದು ಅಂತ್ಯ. ತುರ್ಕಿನೊವಿನಿಂದ ಹಾಗೆ ಹೊರಟು ಗುರಿಯವರೆಗೆ ಉಳಿಯುವುದು ಮುಂದೆ ಕಷ್ಟವಾಗುತ್ತ ಹೋಯಿತು. ರಸ್ತೆಗಳು ಡಾಂಬರು ಕಂಡವು, ಗೇರ್‌ಗಳು ಸುಧಾರಿಸಿದವು, ತಂಡಗಳು ಬಲಿತವು. ಬೆನ್ನಟ್ಟುವ ಗುಂಪಿಗೆ ಕರಾವಳಿಯ ಉದ್ದಕ್ಕೂ ಬೇಕಾದಷ್ಟು ಸಮಯ ಸಿಗತೊಡಗಿತು.

1950ರ ದಶಕದ ಕೊನೆಗೆ ಬೆಲ್ಜಿಯಂನ ರಿಕ್ ವಾನ್ ಲೂಯ್, ಸ್ಪೇನಿನ ಮಿಗೆಲ್ ಪೊಬ್ಲೆ ಥರದ ವೇಗಿಗಳು ಇಲ್ಲಿ ಗೆಲ್ಲುತ್ತಿದ್ದರು. ಇಟಲಿಯವರು 1953ರ ನಂತರ ಗೆದ್ದಿರಲಿಲ್ಲ. ಸಂಘಟಕ ವಿನ್ಚೆಂಜೊ ತೊರ್ರಿಯಾನಿ 1960ರಲ್ಲಿ ಪೊಜ್ಜೊವನ್ನು ದಾರಿಗೆ ಸೇರಿಸಿದ. ಮೊದಲ ವರ್ಷ ಫ್ರಾನ್ಸಿನ ರೆನೆ ಪ್ರಿವಾ ಗೆದ್ದ, ಮರುವರ್ಷ ಫ್ರಾನ್ಸಿನವನೇ ಆದ ರೇಮಂಡ್ ಪುಲಿಡೋರ್ ಪೊಜ್ಜೊದಲ್ಲಿ ಮುನ್ನುಗ್ಗಿ, ಗುರಿಯ ಸಮೀಪ ದಾರಿ ತಪ್ಪಿಯೂ, ಕ್ಷಣಗಳ ಅಂತರದಲ್ಲಿ ವಾನ್ ಲೂಯ್‌ನನ್ನು ಹಿಂದಿಕ್ಕಿದ. ಏರು ಕೆಲಸ ಮಾಡಿತು, ಆದರೆ ಇಟಲಿಗಾಗಿ ಅಲ್ಲ. ಇಟಲಿಯವರು ಕಾದದ್ದು 1970ರವರೆಗೆ. ಆಗ ಮಿಕೆಲೆ ದಾನ್ಚೆಲ್ಲಿ ಪೊಜ್ಜೊಗೆ ಬಹಳ ಮುಂಚೆಯೇ ಮುಂದಿನವರನ್ನು ಬಿಟ್ಟು ಹೊರಟು, ಒಂಟಿಯಾಗಿ ಬಂದು ಗುರಿಯಲ್ಲಿ ಅತ್ತ.

ಪೊಜ್ಜೊ ಸ್ಪ್ರಿಂಟರ್‌ಗಳನ್ನು ಯಾಕೆ ಪೂರ್ತಿ ತಡೆಯಲಾರದು ಎಂಬುದನ್ನು ಒಂದು ಒರಟು ಲೆಕ್ಕದಿಂದ ಕಾಣಬಹುದು. ಸವಾರ ಮತ್ತು ಸೈಕಲ್ ಸೇರಿ 83 ಕಿಲೋ ಎಂದಿಟ್ಟುಕೊಳ್ಳೋಣ. ಆಲ್ಪ್ಸ್‌ನ ನೂರಕ್ಕೆ ಎಂಟರ ಏರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಗುರುತ್ವದ ಎದುರು ಸುಮಾರು 360 ವಾಟ್ ಬೇಕು, ಗಾಳಿಯ ಎದುರು ಬರೀ ಮೂವತ್ತು ಚಿಲ್ಲರೆ. ಅಲ್ಲಿ ಇನ್ನೊಬ್ಬನ ಬೆನ್ನ ಹಿಂದೆ ಅವಿತರೂ ಹೆಚ್ಚು ಉಳಿತಾಯವಿಲ್ಲ. ಮೈತೂಕಕ್ಕೆ ಹೋಲಿಸಿದ ಶಕ್ತಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಪೊಜ್ಜೊದಲ್ಲಿ ಮುಂದಿರುವವರು ಹತ್ತಿರ ಹತ್ತಿರ 38 ಕಿ.ಮೀ. ವೇಗದಲ್ಲಿ ಹತ್ತುತ್ತಾರೆ. ಗುರುತ್ವಕ್ಕೆ 316 ವಾಟ್ ಹೋದರೆ, ಗಾಳಿಗೆ 220 ವಾಟ್ ಹೋಗುತ್ತದೆ. ಅಂದರೆ ಒಟ್ಟು ಶ್ರಮದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಯ ಪಾಲು. ಗಾಳಿಮರೆಯಲ್ಲಿ ಇರುವ ಭಾರಿ ದೇಹದ ವೇಗಿ ಅದರಲ್ಲಿ ಎಷ್ಟೋ ವಾಟ್ ಉಳಿಸಿಕೊಂಡು ತುದಿ ತಲುಪಿಬಿಡುತ್ತಾನೆ. ಹೆಸರಿಗೆ ಏರಾದರೂ ಲೆಕ್ಕದಲ್ಲಿ ಇದು ಅರ್ಧ ಬಯಲು.

ಆದ್ದರಿಂದಲೇ ಏರಿನ ಬುಡದಲ್ಲಿ ಯಾರು ಎಲ್ಲಿದ್ದಾರೆ ಎಂಬುದಕ್ಕೆ ಅಷ್ಟು ಬೆಲೆ. ಅಗಲವಾದ ವಿಯಾ ಔರೇಲಿಯಾ ಹೆದ್ದಾರಿ ಬಿಟ್ಟು ಕಿರಿದಾದ ರಸ್ತೆಗೆ ತಿರುಗುವ ಮುನ್ನ ಇಡೀ ಗುಂಪು ಮೊದಲ ಹದಿನೈದು ಸ್ಥಾನಗಳಿಗಾಗಿ ಗುದ್ದಾಡುತ್ತದೆ. ಹಿಂದೆ ಬಿದ್ದವನು ಎಷ್ಟೇ ಬಲಶಾಲಿಯಾಗಲಿ, ಮುಂದೆ ಬರುವಷ್ಟರಲ್ಲಿ ಬಲ ಖರ್ಚಾಗಿರುತ್ತದೆ. ಸಹಸವಾರರ ಆರು ಗಂಟೆಯ ದುಡಿಮೆ ಈ ಒಂದು ತಿರುವಿಗಾಗಿ.

ಈಗ ಇಳಿಜಾರಿಗೆ ಬರೋಣ. ಪೊಜ್ಜೊದ ನೆತ್ತಿಯಿಂದ ಗುರಿಗೆ ಸುಮಾರು ಐದೂವರೆ ಕಿ.ಮೀ.; ಅದರಲ್ಲಿ ಮೂರಕ್ಕೂ ಹೆಚ್ಚು ಇಳಿಜಾರು, ಹೇರ್‌ಪಿನ್ ತಿರುವುಗಳ ಮೇಲೆ ತಿರುವು. ಗಾಳಿಮರೆಯ ಲಾಭ ಇಲ್ಲಿ ಒಮ್ಮೆಲೇ ಕುಸಿಯುತ್ತದೆ. ತಿರುವಿಗೊಮ್ಮೆ ಬ್ರೇಕ್ ಹಿಡಿಯುವ ದಾರಿಯಲ್ಲಿ ದೊಡ್ಡ ಗುಂಪು ಒಂಟಿ ಸವಾರನಿಗಿಂತ ನಿಧಾನ, ಹಿಂದಿನವನು ಮುಂದಿನವನ ಹೆದರಿಕೆಗೂ ಬೆಲೆ ತೆರಬೇಕು. ಸಂಘಟಿತ ತಂಡದ ಬಲ ನಿಷ್ಪ್ರಯೋಜಕವಾಗುವ ಕೆಲವೇ ನಿಮಿಷಗಳು ಇವು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಇದನ್ನು ಚೆನ್ನಾಗಿ ಅರಿತಿದ್ದ. 1966ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸ್ಪ್ರಿಂಟ್ ಮಾಡಿ ಗೆದ್ದವನು 1969ರಲ್ಲಿ ಪೊಜ್ಜೊದ ಇಳಿಜಾರಿನಲ್ಲೇ ಎಲ್ಲರನ್ನೂ ಬಿಟ್ಟು ಒಂಟಿಯಾಗಿ ಬಂದ. 1976ರವರೆಗಿನ ಅವನ ಏಳು ಗೆಲುವುಗಳನ್ನು ಬರೀ ಕಾಲಬಲದ ಕಥೆಯಾಗಿ ಓದುವುದು ಅವನಿಗೆ ಮಾಡುವ ಅನ್ಯಾಯ.

1982ರಲ್ಲಿ ತೊರ್ರಿಯಾನಿ ಇನ್ನೊಂದು ಏರು ಸೇರಿಸಿದ: 5.6 ಕಿ.ಮೀ. ಉದ್ದದ ಚಿಪ್ರೆಸ್ಸಾ. ಅದರ ನೆತ್ತಿ ಗುರಿಯಿಂದ ಇಪ್ಪತ್ತು ಕಿ.ಮೀ.ಗೂ ದೂರ. ಆ ವರ್ಷ ಯಾರೂ ಎಣಿಸದ ಇಬ್ಬರು ಫ್ರೆಂಚರು, ಮಾರ್ಕ್ ಗೊಮೆಜ್ ಮತ್ತು ಅಲೆನ್ ಬಾಂಡು, ದೀರ್ಘ ಓಟದ ನಂತರವೂ ಮುಂದೆ ಉಳಿದಿದ್ದರು. ಒದ್ದೆ ರಸ್ತೆಯ ಪೊಜ್ಜೊ ಇಳಿಜಾರಿನಲ್ಲಿ ಬಾಂಡು ಜಾರಿ ಬಿದ್ದ, ಗೊಮೆಜ್ ಬೀಳಲಿಲ್ಲ. ಹೊಸ ಏರು ಸೇರಿಸಿದ ವರ್ಷವೂ ತೀರ್ಪು ಬಂದದ್ದು ಇಳಿಜಾರಿನಿಂದ.

ಈ ವಾದಕ್ಕೆ 1992ರಷ್ಟು ಸ್ಪಷ್ಟವಾದ ಸಾಕ್ಷ್ಯ ಬೇರೊಂದಿಲ್ಲ. ಮೊರೆನೊ ಅರ್ಜೆಂತಿನ್ ಆ ವಸಂತದಲ್ಲಿ ಎಲ್ಲರಿಗಿಂತ ಬಲವಾಗಿದ್ದ. ಲಿಯೇಜ್–ಬಾಸ್ಟೋನ್–ಲಿಯೇಜ್ ಓಟವನ್ನು ನಾಲ್ಕು ಸಲ ಗೆದ್ದವನಿಗೆ ದಿಬ್ಬದ ಮೇಲೆ ಸಿಡಿದು ಹೋಗುವುದು ಹುಟ್ಟುಗುಣವೇ. ಪೊಜ್ಜೊದಲ್ಲಿ ಮತ್ತೆ ಮತ್ತೆ ದಾಳಿ ಮಾಡಿ, ಕೊನೆಗೆ ಒಂಟಿಯಾಗಿ ನೆತ್ತಿ ದಾಟಿದ. ಹಿಂದಿನವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಆ ಗುಂಪಿನಲ್ಲಿದ್ದ ಐರ್ಲೆಂಡಿನ ಶಾನ್ ಕೆಲ್ಲಿಗೆ ಆಗ 35 ವರ್ಷ, ಅವನ ಕಾಲ ಮುಗಿಯಿತೆಂದೇ ಎಲ್ಲರ ಎಣಿಕೆ. ನೆತ್ತಿ ದಾಟಿದ್ದೇ ಕೆಲ್ಲಿ ಗುಂಪಿನಿಂದ ಕಳಚಿಕೊಂಡು ಇಳಿಜಾರಿಗೆ ಧುಮುಕಿದ. ತಿರುವುಗಳಲ್ಲಿ ಅವನು ಗೋಡೆಗಳನ್ನು ಸವರಿಕೊಂಡಂತೆ ಹಾಯುವ ದೃಶ್ಯ ಈಗ ನೋಡಿದರೂ ಎದೆ ಝಲ್ಲೆನ್ನುತ್ತದೆ. ಅರ್ಜೆಂತಿನ್ ಹೆದರಿಕೊಂಡೇನೂ ಇಳಿಯುತ್ತಿರಲಿಲ್ಲ, ಆದರೆ ಗೆಲುವು ಕೈಯಲ್ಲಿದೆ ಎಂದುಕೊಂಡವನ ಇಳಿತವೇ ಬೇರೆ, ಕಳೆದುಕೊಳ್ಳಲು ಏನೂ ಇಲ್ಲದವನದೇ ಬೇರೆ. ಕೊನೆಯ ಕಿಲೋಮೀಟರಿನ ಸುಮಾರಿಗೆ ಕೆಲ್ಲಿ ಬೆನ್ನಿಗೆ ಬಿದ್ದ. ಅರ್ಜೆಂತಿನ್ ಹಿಂತಿರುಗಿ ನೋಡಿ, ಮುಂದೆ ಬಂದು ಎಳೆಯುವಂತೆ ಸನ್ನೆ ಮಾಡಿದ. ಕೆಲ್ಲಿ ಕದಲಲಿಲ್ಲ. ಎಳೆದರೆ ತನ್ನ ಸ್ಪ್ರಿಂಟಿಗೆ ನಷ್ಟ. ಎಳೆಯದೆ ನಿಂತರೆ ಹಿಂದಿನ ಗುಂಪು ನುಂಗುವ ಭಯ, ಆ ಭಯ ಅರ್ಜೆಂತಿನ್‌ಗೆ ಹೆಚ್ಚು. ಲೆಕ್ಕ ಕೆಲ್ಲಿಯ ಪರ ಇತ್ತು. ಗುರಿಯಿದ್ದ ವಿಯಾ ರೋಮಾ ಬೀದಿಯಲ್ಲಿ ಅವನು ಸುಲಭವಾಗಿ ಗೆದ್ದ. ಏರಿನಲ್ಲಿ ಅತಿ ಬಲಶಾಲಿ ಯಾರೆಂಬ ಪ್ರಶ್ನೆಗೆ ಅಂದು ಉತ್ತರ ಸಂಶಯವಿಲ್ಲದೆ ಸಿಕ್ಕಿತ್ತು, ಗೆದ್ದದ್ದು ಬೇರೆಯವನು.

ಮುಂದಿನ ದಶಕ ಸ್ಪ್ರಿಂಟರ್‌ಗಳದು, ಅವರಿಗಿಂತ ಹೆಚ್ಚಾಗಿ ಅವರ ತಂಡಗಳದು. ಜರ್ಮನಿಯ ಎರಿಕ್ ಜಾಬೆಲ್ 1997ರಿಂದ 2001ರೊಳಗೆ ನಾಲ್ಕು ಸಲ ಗೆದ್ದ. 2004ರಲ್ಲಿ ಐದನೆಯದೂ ಬಂತೆಂದು ಗೆರೆಗೆ ಮುನ್ನವೇ ಕೈ ಎತ್ತಿ, ಆಸ್ಕರ್ ಫ್ರೈರೆಗೆ ಸೋತ. ಸಂಘಟಕರು 2008ರಲ್ಲಿ ಲೆ ಮಾನಿಯೆ ಎಂಬ ಇನ್ನೊಂದು ಏರು ಸೇರಿಸಿ 2013ರ ನಂತರ ತೆಗೆದರು. ಗುರಿಯನ್ನು ಕಡಲ ದಂಡೆಗೆ ಸರಿಸಿ 2015ರಲ್ಲಿ ವಿಯಾ ರೋಮಾಕ್ಕೆ ಮರಳಿ ತಂದರು.

ಇಳಿಯುವುದೂ ಅಭ್ಯಾಸ ಮಾಡಬೇಕಾದ, ಉಪಕರಣ ಹುಡುಕಬೇಕಾದ ವಿದ್ಯೆ ಎಂಬುದನ್ನು ತೋರಿಸಿದವನು ಸ್ಲೊವೇನಿಯದ ಮತೇಯ್ ಮೊಹೊರಿಚ್. ಚೌಕಟ್ಟಿನ ಮೇಲುಕೊಳವೆಯ ಮೇಲೆ ಕೂತು ಮೈ ಮುದುರಿ ಇಳಿಯುವ ಭಂಗಿಗೆ ಅವನು ಹೆಸರುವಾಸಿ. 2021ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಆ ಭಂಗಿಯನ್ನು ನಿಷೇಧಿಸಿತು. ಮರುವರ್ಷ ಅವನು ಬೆಟ್ಟದ ಸೈಕಲ್‌ಗಳಲ್ಲಿ ಬಳಸುವ, ಗುಂಡಿ ಒತ್ತಿದರೆ ತಗ್ಗುವ ಆಸನಗಂಬವನ್ನು ರಸ್ತೆ ಸೈಕಲ್‌ಗೆ ಜೋಡಿಸಿಕೊಂಡು ಬಂದ. ಆಸನ ತಗ್ಗಿದರೆ ಮೈಯ ಭಾರ ನೆಲಕ್ಕೆ ಹತ್ತಿರವಾಗಿ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಪೊಜ್ಜೊ ಏರಿನಲ್ಲಿ ಅವನ ದೇಶದವನೇ ಆದ ತದೇಯ್ ಪೊಗಾಚಾರ್ ಹಲವು ಸಲ ದಾಳಿ ಮಾಡಿದರೂ ಒಂಟಿಯಾಗಿ ಕಳಚಿಕೊಳ್ಳಲಾಗಲಿಲ್ಲ. ಇಳಿಜಾರಿನಲ್ಲಿ ಮೊಹೊರಿಚ್ ಮುಂದೆ ಹೋದ, ಒಮ್ಮೆ ರಸ್ತೆಯಂಚಿಗೆ ಜಾರಿ ಕೂದಲೆಳೆಯಲ್ಲಿ ಉಳಿದ, ಒಂಟಿಯಾಗಿ ಗೆದ್ದ.

ಪೊಗಾಚಾರ್ ಇದರಿಂದ ಕಲಿತದ್ದು 2025ರ ಮಾರ್ಚ್ 22ರಂದು ಕಂಡಿತು. ಪೊಜ್ಜೊ ಸಾಲದೆಂದು ಅವನ ತಂಡ ಚಿಪ್ರೆಸ್ಸಾದಲ್ಲೇ ವೇಗ ಏರಿಸಿತು, ಅವನು ಅಲ್ಲಿಂದಲೇ ದಾಳಿ ಮಾಡಿದ. ಜೊತೆಗುಳಿದವರು ಇಬ್ಬರೇ: ಪುಲಿಡೋರ್‌ನ ಮೊಮ್ಮಗ ಮಾಥ್ಯು ವಾನ್ ಡರ್ ಪೂಲ್, ಮತ್ತು ಒಂದು ಗಂಟೆಯ ವಿಶ್ವದಾಖಲೆಯ ಫಿಲಿಪ್ಪೊ ಗನ್ನಾ. ಪೊಗಾಚಾರ್‌ಗಿಂತ ಹದಿನೈದು ಕಿಲೋ ಹೆಚ್ಚು ತೂಗುವ ಗನ್ನಾ ಪೊಜ್ಜೊದಲ್ಲಿ ಮತ್ತೆ ಮತ್ತೆ ಹಿಂದುಳಿದ. ಆದರೂ ಮುಂದಿನ ಇಬ್ಬರಲ್ಲಿ ಒಬ್ಬರಿಗೊಬ್ಬರ ಮೇಲೆ ಕಣ್ಣು ಇದ್ದುದರಿಂದ ಕೊನೆಯ ಬಯಲಿನಲ್ಲಿ ಬಂದು ಕೂಡಿಕೊಂಡ. ವಿಯಾ ರೋಮಾದಲ್ಲಿ ವಾನ್ ಡರ್ ಪೂಲ್ ದೂರದಿಂದಲೇ ಸ್ಪ್ರಿಂಟ್ ಆರಂಭಿಸಿ ಗೆದ್ದ, ಗನ್ನಾ ಎರಡನೆಯವನು, ಪೊಗಾಚಾರ್ ಮೂರನೆಯವನು.

ಅದೇ ದಿನ ಇಪ್ಪತ್ತು ವರ್ಷಗಳ ನಂತರ ಮರಳಿ ಬಂದ ಮಹಿಳೆಯರ ಓಟವೂ ಇದೇ ದಿಬ್ಬ ಹತ್ತಿ ಇಳಿದು ಇದೇ ಬೀದಿಗೆ ಬಂತು. ಎಲಿಸಾ ಲೊಂಗೊ ಬೊರ್ಗಿನಿ ಇಳಿಜಾರು ಮುಗಿದ ಮೇಲೆ, ಎಲ್ಲರೂ ಉಸಿರು ತೆಗೆದುಕೊಳ್ಳುವ ಬಯಲಿನಲ್ಲಿ, ಒಂಟಿಯಾಗಿ ಹೊರಟಳು. ಆಗಿನ ವಿಶ್ವ ಚಾಂಪಿಯನ್ ಲೊಟ್ಟೆ ಕೊಪೆಕಿ ತನ್ನ ಗೆಲುವಿನ ಆಸೆ ಬದಿಗಿಟ್ಟು, ತಂಡದ ಲೊರೇನಾ ವೀಬೆಸ್‌ಗಾಗಿ ಬೆನ್ನಟ್ಟಿದಳು. ಗೆರೆ ಕಣ್ಣೆದುರೇ ಇರುವಾಗ ಲೊಂಗೊ ಬೊರ್ಗಿನಿ ಸಿಕ್ಕಿಬಿದ್ದಳು, ವೀಬೆಸ್ ಗೆದ್ದಳು.