ಅರ್ಧ ಕಿಟಕಿಯ ಮನೆ

ಆವತ್ತು ಶನಿವಾರ ಸಂಜೆ ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಏಳು ಜನ ಕೂತು ಒಂದು ಫ್ರೆಂಚ್ ಸಿನಿಮಾ ನೋಡಿದೆವು. ಮುಗಿಯೋ ಹೊತ್ತಿಗೆ ಎರಡು ಪಕ್ಷ ಆಗಿತ್ತು. ಹಿಂದಿನ ಬ್ಲಾಕಿನ ಹುಡುಗಿಯೊಬ್ಬಳು, ಐಟಿ ಕೆಲಸದವಳು, ಕಣ್ಣು ಒರೆಸಿಕೊಂಡು "ಸರ್, ಇದು ನನ್ನದೇ ಕಥೆ" ಅಂದಳು. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತಿದ್ದ ನನ್ನ ಸೋದರಮಾವ ಮಾತ್ರ ಆಕಳಿಸಿ ಕೇಳಿದರು: "ಅಲ್ಲ ಕಣೋ, ಇಷ್ಟು ದೊಡ್ಡ ಊರಲ್ಲಿ ಇವರಿಗೆ ಯಾರಿಗೂ ಅಕ್ಕಪಕ್ಕದವರೇ ಇಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವನಿಗೆ ಸಿನಿಮಾ ಅರ್ಥ ಆಗಲಿಲ್ಲ ಅಂದುಕೊಂಡೆ. ಅರ್ಥ ಆಗದೇ ಇದ್ದದ್ದು ನನಗೆ ಅಂತ ಆಮೇಲೆ ಗೊತ್ತಾಯ್ತು.

ಸಿನಿಮಾದ ಹೆಸರು 'ಕ್ಯೋರ್', ಅಂದರೆ ಹೃದಯಗಳು. 2006ರಲ್ಲಿ ಬಂತು. ನಿರ್ದೇಶಕ ಅಲೆನ್ ರೆನೆ, 'ಹಿರೋಶಿಮಾ ಮೊನ್ ಅಮೂರ್' ಮಾಡಿದವರು. ಆಗ ಅವರಿಗೆ 84 ವರ್ಷ. ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಮೂಲ ಇಂಗ್ಲಿಷ್ ನಾಟಕ, ಅಲನ್ ಐಕ್‌ಬರ್ನ್ ಬರೆದದ್ದು, 2004ರದ್ದು. ನಾಟಕ ನಡೆಯೋದು ಲಂಡನ್ನಿನಲ್ಲಿ. ರೆನೆ ಅದನ್ನು ಪ್ಯಾರಿಸ್ಸಿಗೆ ತಂದರು. ಪ್ಯಾರಿಸ್ ಅಂದರೆ ಐಫೆಲ್ ಟವರ್ ಕಾಣುವ ಪ್ಯಾರಿಸ್ ಅಲ್ಲ, ರಾಷ್ಟ್ರೀಯ ಗ್ರಂಥಾಲಯದ ಹೊಸ ಕಟ್ಟಡದ ಆಸುಪಾಸಿನಲ್ಲಿ ಎದ್ದ ಹೊಸ ಬಡಾವಣೆ.

ಕಥೆ ಅಂತ ದೊಡ್ಡದೇನಿಲ್ಲ. ಮನೆ ತೋರಿಸುವ ಏಜೆಂಟ್ ಒಬ್ಬ, ಅವನ ಜೊತೆ ಕೆಲಸ ಮಾಡುವ ದೈವಭಕ್ತೆ, ಕೆಂಪು ಹೂವು ಮುಡಿದು ಕೆಫೆಯಲ್ಲಿ ಯಾರಿಗೋ ಕಾಯುವ ಅವನ ತಂಗಿ, ಸೇನೆಯಿಂದ ಹೊರಬಿದ್ದ ಒಬ್ಬ, ಅವನ ಜೊತೆಗಾತಿ, ಹೋಟೆಲಿನ ಬಾರ್‌ನಲ್ಲಿ ಪೆಗ್ ಸುರಿಯುವವ. ಈ ಬಾರ್‌ನವನ ಹಾಸಿಗೆ ಹಿಡಿದ ಅಪ್ಪನ ಬೈಗುಳ ಮಾತ್ರ ಕೇಳಿಸುತ್ತೆ, ಮುಖ ಕಾಣಿಸೋದೇ ಇಲ್ಲ. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಹಿಮ ಬೀಳುತ್ತೆ. ಕೊನೆಕೊನೆಗೆ ಮನೆಯ ಒಳಗೇ ಬೀಳುತ್ತೆ. ಕೆಲವರಿಗೆ ಇದು ಎದೆಗೆ ತಾಗಿತು, ಕೆಲವರಿಗೆ ಬರೀ ಸೆಟ್ ಹಾಕಿದ ನಾಟಕ ಅನ್ನಿಸಿತು.

ಇದರಲ್ಲಿ ಒಂದು ಗೋಡೆ ಇದೆ. ಜೋಡಿಗೆ ಅಂತ ಬಾಡಿಗೆ ಮನೆ ನೋಡುವಾಗ, ದೊಡ್ಡ ಕೋಣೆಯೊಂದನ್ನು ಪಾರ್ಟಿಷನ್ ಹಾಕಿ ಎರಡು ಮಾಡಿರೋದು ಕಾಣುತ್ತೆ. ಗೋಡೆ ಕಿಟಕಿಯ ನಡುವೆಯೇ ಬಂದಿದೆ. ಆ ಕೋಣೆಗೆ ಅರ್ಧ ಕಿಟಕಿ, ಈ ಕೋಣೆಗೆ ಅರ್ಧ. ಆ ದೃಶ್ಯದಲ್ಲಿ ನಮ್ಮ ಹುಡುಗಿ "ಅಯ್ಯೋ, ನಮ್ಮ ಪಿ.ಜಿ.!" ಅಂತ ಕೂಗಿದ್ದಳು. ಮಾವ ಎದ್ದು ಕೂತಿದ್ದೂ ಅಲ್ಲೇ, ಒಂದೇ ಸಲ.

ಇಲ್ಲಿ ನಮ್ಮ ಊರಂಚಿನ ಚರಿತ್ರೆ ಸ್ವಲ್ಪ ಹೇಳಬೇಕು. ವೈಟ್‌ಫೀಲ್ಡ್ ಶುರುವಾಗಿದ್ದು 1882ರಲ್ಲಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಸಿಕ್ಕಿತು. ಮುಂದೆ ನಿಂತು ಮಾಡಿಸಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ಬಿಳಿಯರಿಗೂ ಬೇಡ, ನಮ್ಮವರಿಗೂ ಬೇಡ ಅನ್ನಿಸಿಕೊಂಡ ಜನ ಅವರು. ಊರನ್ನು ದುಂಡಗೆ ಹಾಕಿದರು: ನಡುವೆ ಬಯಲು, ಸುತ್ತ ಮನೆಗಳು. ಇನ್ನರ್ ಸರ್ಕಲ್ ಅನ್ನೋ ಹೆಸರು ಈಗಲೂ ಉಳಿದಿದೆ. ವರಾಂಡಕ್ಕೆ ಬಂದರೆ ಎದುರು ಮನೆಯವರು ಕಾಣಲೇಬೇಕು, ಹಾಗಿತ್ತು ಲೆಕ್ಕ.

ಆಮೇಲೆ ಬಂದ ಊರಂಚುಗಳು ಹಾಗಲ್ಲ. ಪೀಣ್ಯ 1970ರ ದಶಕದ್ದು. ಎಲೆಕ್ಟ್ರಾನಿಕ್ ಸಿಟಿ 1978ರದ್ದು, ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆಯ 332 ಎಕರೆ. ಎರಡೂ ಕಡೆ ಮೊದಲು ಬಂದದ್ದು ಕೆಲಸದ ಜಾಗ. ಮನೆ ಅನ್ನೋದು ಸುತ್ತಲಿನ ಹಳ್ಳಿಗಳಲ್ಲಿ, ಸಿಕ್ಕ ಸಿಕ್ಕ ಹಾಗೆ, ಆಮೇಲೆ ಎದ್ದದ್ದು. 1990ರ ದಶಕದಲ್ಲಿ ಸಿಂಗಪುರದವರ ಸಹಯೋಗದ ಟೆಕ್ ಪಾರ್ಕ್ ಬಂದ ಮೇಲೆ ವೈಟ್‌ಫೀಲ್ಡ್ ಕೂಡ ಅದೇ ದಾರಿ ಹಿಡಿಯಿತು.

ಮಾವ ಕುಣಿಗಲ್ ಕಡೆಯಿಂದ ಪೀಣ್ಯಕ್ಕೆ ಬಂದದ್ದು 1984ರಲ್ಲಿ. ದಾಸರಹಳ್ಳಿಯಲ್ಲಿ ಒಂದು ರೂಮು, ನಡುವೆ ಪ್ಲೈವುಡ್. ಎಲ್ಲರೂ ಹೊರಟ ಮೇಲೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದರು: "ಪ್ಲೈವುಡ್ ಮೇಲಕ್ಕೆ ಮುಟ್ತಾ ಇರಲಿಲ್ಲ ಕಣೋ. ಎರಡೂ ಕಡೆಗೆ ಒಂದೇ ಬಲ್ಬು. ಆ ಕಡೆಯವನದ್ದು ನೈಟ್ ಶಿಫ್ಟು. ಅವನು ಬಂದು ಸ್ವಿಚ್ ಹಾಕಿದ್ರೆ ನನಗೆ ಬೆಳಗಾಗೋದು. ದಿನಾ ಜಗಳ. ನನಗೆ ಟೈಫಾಯ್ಡ್ ಬಂದಾಗ ಗಂಜಿ ಕಾಯಿಸಿ ಕೊಟ್ಟೋನೂ ಅವನೇ. ಕೆಮ್ಮು ಕೇಳಿಸ್ತಿತ್ತಲ್ಲ ಅವನಿಗೆ."

ನನಗೆ ತಕ್ಷಣ ನೆನಪಾಗಿದ್ದು ಗಿರೀಶ ಕಾಸರವಳ್ಳಿಯವರ 'ಮನೆ'. 1990ರ ದಶಕದ ಹೊಸ್ತಿಲಲ್ಲಿ ಬಂದ ಸಿನಿಮಾ, ಟಿ.ಜಿ. ರಾಘವ ಅವರ ಕಥೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ಗಂಡ ಹೆಂಡತಿ. 'ಏಕ್ ಘರ್' ಅಂತ ಹಿಂದಿಯಲ್ಲೂ ಆಯ್ತು. ಹಳ್ಳಿಯ ಕೂಡು ಬಾಳಿನಿಂದ ತಪ್ಪಿಸಿಕೊಂಡು ನಗರಕ್ಕೆ ಬಂದ ಜೋಡಿಗೆ ಕಡೆಗೂ ತಮ್ಮದೇ ಒಂದು ಕೋಣೆ ಸಿಗುತ್ತೆ. ಪಕ್ಕದ ಶೆಡ್ಡಿನ ಯಂತ್ರದ ಸದ್ದು ಮಾತ್ರ ಅವರನ್ನು ಬಾಳೋಕೆ ಬಿಡಲ್ಲ.

ಎರಡೂ ಸಿನಿಮಾ ಶುರುವಾಗೋದು ಮನೆ ಹುಡುಕೋದರಿಂದ. ಆದರೆ 'ಮನೆ'ಯಲ್ಲಿ ಸಂಕಟ ಬರೋದು ಗೋಡೆ ದಾಟಿ ಬರುವ ಸದ್ದಿನಿಂದ. 'ಕ್ಯೋರ್'ನಲ್ಲಿ ಗೋಡೆ ದಾಟಿ ಏನೂ ಬರಲ್ಲ, ಸಂಕಟ ಅದೇ. ನಮ್ಮ ಊರಂಚುಗಳು ನಲವತ್ತು ವರ್ಷದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ನಡೆದು ಬಂದಿವೆ. 1984ರಲ್ಲಿ ಬಂದವರು ಬೇಡಿಕೊಂಡದ್ದು ಒಂದು ಪೂರ್ತಿ ಗೋಡೆಯನ್ನು. ಈಗ ಬರುವವರಿಗೆ ಗೋಡೆ, ಗೇಟು, ಸೆಕ್ಯುರಿಟಿ ಎಲ್ಲ ಮೊದಲೇ ಸಿಗುತ್ತೆ. ಆವತ್ತು ನಮ್ಮ ಹಾಲ್‌ನಲ್ಲಿ ಆದ ಎರಡು ಪಕ್ಷಕ್ಕೆ ಕಾರಣ ಯಾರ ಅಭಿರುಚಿ ಮೇಲು ಅನ್ನೋದಲ್ಲ. ಹುಡುಗಿ ನೋಡಿದ್ದು ಈಗಿನ ತನ್ನ ಗೋಡೆಯನ್ನು. ಮಾವ ಹುಡುಕಿದ್ದು ಗೋಡೆಯಾಚೆಯ ಕೆಮ್ಮನ್ನು.

ಹಳೇದೇ ಚೆನ್ನಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಆ ದಾಸರಹಳ್ಳಿ ರೂಮಿಗೆ ಮದುವೆಯಾಗಿ ಬಂದ ನನ್ನ ಅತ್ತೆ, ಸೀರೆ ಬದಲಾಯಿಸೋಕೂ ದೀಪ ಆರಿಸಬೇಕಿತ್ತು ಅಂತ ಎಷ್ಟೋ ಸಲ ಹೇಳಿದ್ದರು. ವಠಾರವನ್ನು ಹೊಗಳುವವರು ಹೆಂಗಸರನ್ನು ಒಂದು ಮಾತು ಕೇಳಿ ಹೊಗಳಬೇಕು. ನಾಗಸಂದ್ರದಲ್ಲಿ ಸ್ವಂತ ಮನೆ ಕಟ್ಟಿದಾಗ ಗೋಡೆಗಳು ದಪ್ಪ ಇರಲಿ ಅಂತ ಮೇಸ್ತ್ರಿಗೆ ಹೇಳಿದ್ದು ಅತ್ತೆಯೇ. ಅವರು ಹೋಗಿ ಮೂರು ವರ್ಷ ಆಯ್ತು. ಆ ಮನೆಯಲ್ಲಿ ಈಗ ಮಾವ ಬೆಳಗಿನಿಂದ ರಾತ್ರಿವರೆಗೆ ಟಿವಿ ಹಾಕಿರುತ್ತಾರೆ. ನೋಡೋದಿಲ್ಲ. "ಸೌಂಡ್ ಇರಲಿ ಅಂತ" ಅನ್ನುತ್ತಾರೆ.

ರೆನೆ ತೀರಿಕೊಂಡದ್ದು 2014ರ ಮಾರ್ಚ್ 1ರಂದು. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ ಮೆಟ್ರೋ ಓಡಿದ್ದೂ ಅದೇ ದಿನ. ಒಂದಕ್ಕೊಂದು ಸಂಬಂಧ ಏನೂ ಇಲ್ಲ, ಆದರೂ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ. 2023ರಲ್ಲಿ ವೈಟ್‌ಫೀಲ್ಡಿಗೂ ಮೆಟ್ರೋ ಬಂತು. ಮಾವ ಈಗ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿಕೊಂಡು ಇಲ್ಲಿಗೆ ಬರುತ್ತಾರೆ.

ಸಿನಿಮಾ ನೋಡಿದ ಮರುದಿನ ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದವರು ಅಲ್ಲೇ ನಿಂತರು.

"ಎದುರು ಮನೆಯವರು ಯಾವ ಕಡೆಯವರೋ?"

"ಗೊತ್ತಿಲ್ಲ ಮಾವ."

"ನೀನು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಆರು" ಅಂದೆ. ಅವರು ಹಾಲಿನ ಪ್ಯಾಕೆಟ್ ಕೈಗೆ ಕೊಟ್ಟು ಒಳಗೆ ಬಂದರು. ಬಾಗಿಲನ್ನು ಮಾತ್ರ ಹಾಕಲಿಲ್ಲ.