ಹಳೆಯ ವಸತಿ ಸಮುಚ್ಚಯಗಳಿಗೆ ಲಿಫ್ಟ್ ಅಳವಡಿಸುವ ಅನುಮತಿ (ಕರ್ನಾಟಕ)

ಹಳೆಯ ವಸತಿ ಸಮುಚ್ಚಯಗಳಿಗೆ ಲಿಫ್ಟ್ ಅಳವಡಿಸುವ ಅನುಮತಿ ಎಂದರೆ, ನಿರ್ಮಾಣದ ಕಾಲದಲ್ಲಿ ಲಿಫ್ಟ್ ಇಲ್ಲದೆ ಕಟ್ಟಲಾದ ಬಹುಮಹಡಿ ವಸತಿ ಕಟ್ಟಡಕ್ಕೆ ಮುಂದೆ ಲಿಫ್ಟ್ ಸೇರಿಸಲು ಮಾಲೀಕರು ಪಡೆಯಬೇಕಾದ ಒಪ್ಪಿಗೆ ಹಾಗೂ ಮಂಜೂರಾತಿಗಳ ಸಮೂಹ. ಕರ್ನಾಟಕದಲ್ಲಿ ಇದು ಒಂದೇ ಕಚೇರಿಯಲ್ಲಿ ಮುಗಿಯುವ ಕೆಲಸವಲ್ಲ. ಸಹಮಾಲೀಕರ ಒಪ್ಪಿಗೆ, ಸ್ಥಳೀಯ ಸಂಸ್ಥೆಯ ನಕ್ಷೆ ಮಂಜೂರಾತಿ, ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಮತ್ತು ಪರವಾನಗಿ, ವಿದ್ಯುತ್ ಕಂಪನಿಯ ಹೆಚ್ಚುವರಿ ಲೋಡ್ ಮಂಜೂರಾತಿ ಎಂಬ ನಾಲ್ಕು ಬಾಗಿಲುಗಳನ್ನು ದಾಟಬೇಕಾಗುತ್ತದೆ. ಕಲಬುರಗಿಯ ರೋಜಾದಂತಹ ಹಳೆಯ ಬಡಾವಣೆಗಳಲ್ಲಿ ಪುರಾತತ್ವ ಕಾನೂನಿನ ಐದನೆಯ ಬಾಗಿಲೂ ಎದುರಾಗಬಹುದು.

ಹಿನ್ನೆಲೆ

ಕರ್ನಾಟಕದ ನಗರಗಳಲ್ಲಿ ನೆಲಮಹಡಿಯ ಮೇಲೆ ಎರಡು ಅಥವಾ ಮೂರು ಮಹಡಿಗಳ ವಸತಿ ಕಟ್ಟಡಗಳು ಬಹುಪಾಲು ಲಿಫ್ಟ್ ಇಲ್ಲದೆಯೇ ನಿರ್ಮಾಣಗೊಂಡವು. ಆ ಎತ್ತರಕ್ಕೆ ಮೆಟ್ಟಿಲು ಸಾಕೆಂಬ ಭಾವನೆಯೂ ಖರ್ಚಿನ ಲೆಕ್ಕವೂ ಇದಕ್ಕೆ ಕಾರಣ. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಮೂರನೆಯ ಮಹಡಿಯ ಮನೆ ಕೊಂಡವರು ಈಗ ವೃದ್ಧರಾಗಿದ್ದಾರೆ. ಮೊಣಕಾಲು ನೋವು, ಹೃದಯದ ಕಾಯಿಲೆ, ಪಾರ್ಶ್ವವಾಯು ಇರುವವರಿಗೆ ಸ್ವಂತ ಮನೆಯೇ ಸೆರೆಮನೆಯಂತಾಗುತ್ತದೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಕೆಳಗಿಳಿಸುವ ದೃಶ್ಯ ಇಂತಹ ಕಟ್ಟಡಗಳಲ್ಲಿ ಅಪರೂಪವಲ್ಲ. ಆದ್ದರಿಂದ ಲಿಫ್ಟ್‌ನ ಬೇಡಿಕೆಯನ್ನು ಕೇವಲ ಸುಖಸೌಕರ್ಯದ ಬೇಡಿಕೆಯೆಂದು ಭಾವಿಸುವುದು ಸರಿಯಲ್ಲ.

ಲಿಫ್ಟ್‌ಗಳ ಸುರಕ್ಷತೆಗೆಂದೇ ಭಾರತದಲ್ಲಿ ರೂಪುಗೊಂಡ ಆರಂಭಿಕ ಕಾನೂನುಗಳಲ್ಲಿ 1939ರ ಬಾಂಬೆ ಲಿಫ್ಟ್ ಕಾಯ್ದೆ ಪ್ರಮುಖವಾದುದು. ಕರ್ನಾಟಕವು 1974ರಲ್ಲಿ ತನ್ನದೇ ಲಿಫ್ಟ್ ಕಾಯ್ದೆಯನ್ನು ರೂಪಿಸಿತು. ಅದರ ಸ್ಥಾನದಲ್ಲಿ ಈಗ ಕರ್ನಾಟಕ ಲಿಫ್ಟ್‌ಗಳು, ಎಸ್ಕಲೇಟರ್‌ಗಳು ಮತ್ತು ಪ್ರಯಾಣಿಕ ಕನ್ವೇಯರ್‌ಗಳ ಕಾಯ್ದೆ, 2012 ಜಾರಿಯಲ್ಲಿದೆ. ದೇಶದ ಎಲ್ಲ ರಾಜ್ಯಗಳಲ್ಲೂ ಇಂತಹ ಕಾಯ್ದೆ ಇಲ್ಲ. ಉತ್ತರ ಪ್ರದೇಶ ತನ್ನ ಕಾಯ್ದೆಯನ್ನು ತಂದದ್ದು 2024ರಲ್ಲಿ.

ಸಹಮಾಲೀಕರ ಒಪ್ಪಿಗೆ

ಕಚೇರಿಗಳಿಗಿಂತ ಮೊದಲು, ಮತ್ತು ಅನೇಕ ವೇಳೆ ಕಚೇರಿಗಳಿಗಿಂತ ಕಠಿಣವಾಗಿ, ಎದುರಾಗುವ ಹಂತವಿದು. ಲಿಫ್ಟ್ ನಿಲ್ಲುವ ನೆಲ, ಅದು ತಾಗುವ ಗೋಡೆ, ತೆರೆದುಕೊಳ್ಳುವ ಮೆಟ್ಟಿಲ ಅಂಗಳ ಇವೆಲ್ಲವೂ ಒಬ್ಬರ ಸ್ವತ್ತಲ್ಲ. ಅವು ಎಲ್ಲ ಮನೆಗಳ ಮಾಲೀಕರಿಗೆ ಅವಿಭಾಜ್ಯ ಪಾಲಿನಲ್ಲಿ ಸೇರಿದ ಸಾಮಾನ್ಯ ಪ್ರದೇಶಗಳು.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಈ ವಿಷಯದಲ್ಲಿ ಮುಖ್ಯವಾದುದು. ಘೋಷಣಾ ಪತ್ರವನ್ನು ನೋಂದಾಯಿಸಿ ತಮ್ಮ ಸ್ವತ್ತನ್ನು ಈ ಕಾಯ್ದೆಗೆ ಒಳಪಡಿಸಿದ ಕಟ್ಟಡಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನಾಗಲಿ, ಮಹತ್ವದ ಹೊಸ ರಚನೆಯ ಸೇರ್ಪಡೆಯನ್ನಾಗಲಿ ಯಾವುದೇ ಮಾಲೀಕ ಉಳಿದೆಲ್ಲ ಮಾಲೀಕರ ಸರ್ವಾನುಮತದ ಒಪ್ಪಿಗೆ ಪಡೆಯದೆ ಮಾಡುವಂತಿಲ್ಲ ಎಂಬುದು ಅದರ ನಿಯಮ. ಮೇಲಿನ ಮಹಡಿಯ ಒಬ್ಬಿಬ್ಬರು ತಮ್ಮ ಖರ್ಚಿನಲ್ಲೇ ಲಿಫ್ಟ್ ಹಾಕಿಸಿಕೊಳ್ಳುತ್ತೇವೆಂದು ಮುಂದಾದಾಗ ಈ ನಿಯಮ ಅವರನ್ನು ತಡೆಯುತ್ತದೆ. ಸಂಘವೇ ಸಾಮಾನ್ಯ ಸೌಲಭ್ಯವಾಗಿ ಲಿಫ್ಟ್ ಅಳವಡಿಸುವುದಾದರೆ ಘೋಷಣಾ ಪತ್ರ ಮತ್ತು ಉಪವಿಧಿಗಳಲ್ಲಿ ಎಷ್ಟು ಬಹುಮತ ಬೇಕೆಂದಿದೆ ಎಂಬುದನ್ನು ನೋಡಬೇಕು. ವಿವಾದ ಹುಟ್ಟುವುದು ಸಾಮಾನ್ಯವಾಗಿ ಈ ಎರಡರ ನಡುವಿನ ಗೆರೆಯಲ್ಲಿ. ಹೀಗಾಗಿ ಸಾಧ್ಯವಾದಷ್ಟೂ ಎಲ್ಲರ ಸಹಿ ಪಡೆಯುವುದೇ ಸುರಕ್ಷಿತ.

ನೆಲಮಹಡಿಯವರ ವಿರೋಧ ಸಾಮಾನ್ಯ. ಅದನ್ನು ಬರಿಯ ಹಟವೆಂದು ತಳ್ಳಿಹಾಕಲಾಗದು. ಲಿಫ್ಟ್ ಬಾವಿ ಅವರ ಕಿಟಕಿಯ ಬೆಳಕನ್ನೋ ಗಾಳಿಯನ್ನೋ ತಡೆಯಬಹುದು, ವಾಹನ ನಿಲ್ಲಿಸುವ ಜಾಗವನ್ನು ನುಂಗಬಹುದು. ಬಳಸದ ಸೌಲಭ್ಯಕ್ಕೆ ಹಣ ಕೊಡಬೇಕೆ ಎಂಬ ಅವರ ಪ್ರಶ್ನೆಯೂ ಸಹಜ. ಆದರೆ ಸಾಮಾನ್ಯ ಸೌಲಭ್ಯವೊಂದನ್ನು ತಾನು ಬಳಸುವುದಿಲ್ಲವೆಂಬ ಕಾರಣಕ್ಕೆ ಸಾಮಾನ್ಯ ವೆಚ್ಚದ ಪಾಲಿನಿಂದ ಮಾಲೀಕ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು 1972ರ ಕಾಯ್ದೆಯ ತತ್ವ. ಆಚರಣೆಯಲ್ಲಿ ಅನೇಕ ಸಂಘಗಳು ಅಳವಡಿಕೆಯ ವೆಚ್ಚವನ್ನು ಮಹಡಿಗೆ ತಕ್ಕಂತೆ ಏರುವ ಪಾಲಿನಲ್ಲಿ ಹಂಚಿಕೊಂಡು ನೆಲಮಹಡಿಯವರಿಗೆ ರಿಯಾಯಿತಿ ನೀಡುತ್ತವೆ. ಈ ಒಪ್ಪಂದ ಬರಹದಲ್ಲಿರಬೇಕು. ನಿರ್ವಹಣೆಯ ಖರ್ಚು ಯಾರದು, ಮನೆ ಮಾರಿದರೆ ಹೊಸ ಮಾಲೀಕನ ಹೊಣೆ ಏನು ಎಂಬುದನ್ನೂ ಅದರಲ್ಲಿ ಹೇಳಬೇಕು. ಬಾಯಿಮಾತಿನ ಒಪ್ಪಂದ ಮೊದಲ ದುರಸ್ತಿಯ ಬಿಲ್ಲು ಬರುವವರೆಗೆ ಮಾತ್ರ ಬಾಳುತ್ತದೆ.

ಸ್ಥಳೀಯ ಸಂಸ್ಥೆಯ ಮಂಜೂರಾತಿ

ಕಲಬುರಗಿ ನಗರದಲ್ಲಿ ಕಟ್ಟಡ ಪರವಾನಗಿ ನೀಡುವುದು ಮಹಾನಗರ ಪಾಲಿಕೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ 299ನೆಯ ಪ್ರಕರಣ ಕಟ್ಟಡ ನಿರ್ಮಾಣದ ಅರ್ಜಿಗೂ, 310ನೆಯ ಪ್ರಕರಣ ಪೂರ್ಣಗೊಂಡ ಪ್ರಮಾಣಪತ್ರ ಹಾಗೂ ಸ್ವಾಧೀನಾನುಭವದ ಅನುಮತಿಗೂ ಸಂಬಂಧಿಸಿವೆ. ಅನುಮತಿ ಇಲ್ಲದೆ ಕಟ್ಟಿದ್ದನ್ನು ತೆರವುಗೊಳಿಸಲು 321ನೆಯ ಪ್ರಕರಣ ಆಯುಕ್ತರಿಗೆ ಅಧಿಕಾರ ನೀಡುತ್ತದೆ. ಪಾಲಿಕೆಯ ಹೊರಗಿನ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆಯೂ, ಕಮಲಾಪುರ ತಾಲೂಕಿನ ಹಳ್ಳಿಗಳಂತಹ ಗ್ರಾಮ ಪಂಚಾಯಿತಿ ಪ್ರದೇಶಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯೂ ಅನ್ವಯಿಸುತ್ತವೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವವು ಮೂಲ ಮಂಜೂರಾತಿ ನಕ್ಷೆ, ಖಾತಾ ಪ್ರತಿ, ತೆರಿಗೆ ರಸೀದಿ, ಸಂಘದ ನಿರ್ಣಯ, ಲಿಫ್ಟ್ ಸೇರಿಸಿದ ಪರಿಷ್ಕೃತ ನಕ್ಷೆ, ರಚನಾ ಎಂಜಿನಿಯರ್ ನೀಡಿದ ಭದ್ರತಾ ಪ್ರಮಾಣಪತ್ರ. ಇವುಗಳಲ್ಲಿ ಮೂಲ ನಕ್ಷೆಯೇ ಅನೇಕ ಹಳೆಯ ಕಟ್ಟಡಗಳ ಬಳಿ ಇರುವುದಿಲ್ಲ. ಇದ್ದರೂ, ಕಟ್ಟಿದ್ದು ನಕ್ಷೆಯಂತಿರುವುದಿಲ್ಲ. ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಒತ್ತುವರಿ ಮಾಡಿ ಕಟ್ಟಿರುವಲ್ಲಿ, ಉಳಿದ ಅಷ್ಟಿಷ್ಟು ಜಾಗದಲ್ಲೂ ಲಿಫ್ಟ್ ನಿಲ್ಲಿಸಲು ಅನುಮತಿ ಕೇಳುವುದೆಂದರೆ ಹಳೆಯ ಉಲ್ಲಂಘನೆಯನ್ನು ಅಧಿಕಾರಿಯ ಮುಂದೆ ತಾವೇ ತೆರೆದಿಟ್ಟಂತೆ. ಈ ಭಯದಿಂದಲೇ ಅನೇಕ ಸಂಘಗಳು ಅರ್ಜಿ ಹಾಕುವುದಿಲ್ಲ. ಇಂತಹ ಉಲ್ಲಂಘನೆಗಳನ್ನು ದಂಡ ಪಡೆದು ಸಕ್ರಮಗೊಳಿಸುವ ರಾಜ್ಯದ 'ಅಕ್ರಮ-ಸಕ್ರಮ' ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು.

ಸಂರಕ್ಷಿತ ಸ್ಮಾರಕಗಳ ಸಮೀಪದಲ್ಲಿ

'ರೋಜಾ' ಎಂಬ ಹೆಸರೇ ಸಮಾಧಿ ಎಂಬರ್ಥದ 'ರೌಜಾ' ಪದದಿಂದ ಬಂದುದು. 1422ರಲ್ಲಿ ನಿಧನರಾದ ಸೂಫಿ ಸಂತ ಖ್ವಾಜಾ ಬಂದೇನವಾಜ್ ಗೇಸುದರಾಜರ ದರ್ಗಾ ಈ ಭಾಗದ ಕೇಂದ್ರ. ಅದಕ್ಕೆ ಸಮೀಪದಲ್ಲಿರುವ ಬಹಮನಿ ಸುಲ್ತಾನರ ಸಮಾಧಿಗಳ ಗುಂಪಾದ ಹಫ್ತ್ ಗುಂಬಜ್ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಹೀಗಾಗಿ 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳು ಹಾಗೂ ಅವಶೇಷಗಳ ಕಾಯ್ದೆ ಸುತ್ತಲಿನ ಮನೆಗಳ ಬದುಕನ್ನು ನೇರವಾಗಿ ತಟ್ಟುತ್ತದೆ.

2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಲಿಫ್ಟ್‌ನ ಮಟ್ಟಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಇರುವ ಕಟ್ಟಡಕ್ಕೆ ಮೇಲ್ಮುಖವಾಗಿಯೋ ಅಡ್ಡಲಾಗಿಯೋ ಮಾಡುವ ಯಾವುದೇ ಸೇರ್ಪಡೆಯನ್ನು ಕಾಯ್ದೆ 'ನಿರ್ಮಾಣ' ಎಂದೇ ಪರಿಗಣಿಸುತ್ತದೆ. ಇರುವ ರಚನೆಯೊಳಗಿನ ಮಾರ್ಪಾಡು 'ದುರಸ್ತಿ ಮತ್ತು ನವೀಕರಣ' ಎನಿಸುತ್ತದೆ. ನಿಷೇಧಿತ ಪ್ರದೇಶದಲ್ಲಿ ಖಾಸಗಿ ನಿರ್ಮಾಣಕ್ಕೆ ಅನುಮತಿಯಿಲ್ಲ, ದುರಸ್ತಿಗೆ ಅನುಮತಿ ಕೇಳಬಹುದು. ಆದ್ದರಿಂದ ಗೋಡೆಯ ಹೊರಗೆ ಹೊಸದಾಗಿ ನಿಲ್ಲಿಸುವ ಲಿಫ್ಟ್ ಗೋಪುರಕ್ಕೆ 100 ಮೀಟರ್ ಒಳಗೆ ದಾರಿಯಿಲ್ಲ. ಮೆಟ್ಟಿಲ ನಡುವಣ ತೆರವಿನಲ್ಲಿ, ಚಾವಣಿಯನ್ನು ಎತ್ತರಿಸದೆ ಕೂರಿಸುವ ಸಣ್ಣ ಲಿಫ್ಟ್‌ಗೆ ಅರ್ಜಿ ಹಾಕಲು ಅವಕಾಶವಿದೆ. ನಿಯಂತ್ರಿತ ಪ್ರದೇಶದಲ್ಲಿ ಎರಡಕ್ಕೂ ಅನುಮತಿ ಸಾಧ್ಯ.

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿಗೆ ಸಲ್ಲಿಸಬೇಕು. ನಿರ್ಮಾಣದ ಪರಿಣಾಮವನ್ನು ಪರಿಶೀಲಿಸಲು ಅವರು ಅದನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಪ್ರಾಧಿಕಾರಕ್ಕೆ ಎರಡು ತಿಂಗಳು, ಅದರ ಅಭಿಪ್ರಾಯ ಬಂದ ಮೇಲೆ ಸಕ್ಷಮ ಪ್ರಾಧಿಕಾರಿಗೆ ಒಂದು ತಿಂಗಳು ಕಾಲಾವಕಾಶವಿದೆ.

ವಿದ್ಯುತ್ ಪರಿವೀಕ್ಷಣಾಲಯ

ಲಿಫ್ಟ್ ಯಂತ್ರದ ಸುರಕ್ಷತೆ ಪಾಲಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಅದು ಇಂಧನ ಇಲಾಖೆಯ ಅಧೀನದ ವಿದ್ಯುತ್ ಪರಿವೀಕ್ಷಣಾಲಯದ ಹೊಣೆ. 2012ರ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಪತ್ರಗಳಿವೆ. ಕೆಲಸ ಆರಂಭಿಸುವ ಮುನ್ನ ಪಡೆಯಬೇಕಾದುದು ಸ್ಥಾಪನೆಯ ಅನುಮತಿ. ಕೆಲಸ ಮುಗಿದು, ಪರಿವೀಕ್ಷಕರು ಪರೀಕ್ಷಿಸಿದ ಮೇಲೆ ದೊರೆಯುವುದು ಬಳಕೆಯ ಪರವಾನಗಿ. ಮೊದಲನೆಯದನ್ನೇ ಎರಡನೆಯದೆಂದು ತಿಳಿದು ಲಿಫ್ಟ್ ಓಡಿಸಲು ಆರಂಭಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಪರವಾನಗಿಯ ನಂತರವೂ ನಿಯತಕಾಲಿಕ ತಪಾಸಣೆ ನಡೆಯುತ್ತದೆ. ಅರ್ಜಿಯ ಕಾಗದಪತ್ರಗಳನ್ನು ಸಾಮಾನ್ಯವಾಗಿ ಲಿಫ್ಟ್ ಕಂಪನಿಯವರೇ ಸಿದ್ಧಪಡಿಸುತ್ತಾರೆ, ಆದರೆ ಕಾನೂನಿನ ಹೊಣೆ ಮಾಲೀಕರದೇ.

ತಾಂತ್ರಿಕ ಮಾನದಂಡಗಳನ್ನು ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸುತ್ತದೆ. ದೀರ್ಘಕಾಲ ಬಳಕೆಯಲ್ಲಿದ್ದ ಐಎಸ್ 14665ರ ಜಾಗಕ್ಕೆ ಈಗ ಐಎಸ್ 17900 ಬಂದಿದೆ. ಒಬ್ಬರ ತೂಕವನ್ನು 68 ಕಿಲೋಗ್ರಾಂ ಎಂದು ಹಿಡಿಯುವುದು ಭಾರತದಲ್ಲಿ ರೂಢಿಯಲ್ಲಿರುವ ಲೆಕ್ಕ. ಅದರಂತೆ ನಾಲ್ವರ ಲಿಫ್ಟ್ ಎಂದರೆ 272 ಕಿಲೋಗ್ರಾಂ, ಆರು ಜನರದು 408 ಕಿಲೋಗ್ರಾಂ. ಹಳೆಯ ಕಟ್ಟಡಗಳಲ್ಲಿ ದೊರೆಯುವ ಜಾಗಕ್ಕೆ ಬಹುತೇಕ ಇವೆರಡೇ ಹೊಂದುತ್ತವೆ.

ವಿದ್ಯುತ್ ಸಂಪರ್ಕ

ಕಲಬುರಗಿ ಭಾಗದಲ್ಲಿ ವಿದ್ಯುತ್ ಪೂರೈಸುವುದು ಜೆಸ್ಕಾಂ. ಲಿಫ್ಟ್ ಮೋಟಾರಿಗೆ ಸಾಮಾನ್ಯವಾಗಿ ತ್ರೀ ಫೇಸ್ ಸಂಪರ್ಕ ಮತ್ತು ಸಾಮಾನ್ಯ ಬಳಕೆಯ ಪ್ರತ್ಯೇಕ ಮೀಟರ್ ಬೇಕಾಗುತ್ತದೆ. ಸ್ವಾಧೀನಾನುಭವ ಪತ್ರ ಹಾಜರುಪಡಿಸಿದ ಮೇಲಷ್ಟೇ ಕಟ್ಟಡಗಳಿಗೆ ವಿದ್ಯುತ್, ನೀರು ಮುಂತಾದ ಸಂಪರ್ಕ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿದ್ದರಿಂದ, ಆ ಪತ್ರವಿಲ್ಲದ ಕಟ್ಟಡಗಳು ಹೊಸ ಮೀಟರ್ ಕೇಳುವಾಗ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ವಿದ್ಯುತ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನವನ್ನು ವೆಚ್ಚ ಉಳಿಸಲು ಬಿಡಬಾರದು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ವೃದ್ಧರು ಸಿಕ್ಕಿಕೊಳ್ಳುವುದು ಪ್ರಾಣಾಪಾಯದ ವಿಷಯ.

ಮಣ್ಣು, ಗೋಡೆ ಮತ್ತು ಮೆಟ್ಟಿಲು

ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಲಿಫ್ಟ್‌ನ ತಳಗುಂಡಿಯನ್ನು ಹಳೆಯ ಅಡಿಪಾಯದ ಪಕ್ಕದಲ್ಲೇ ಅಗೆದರೆ ಪಾಯದ ಕೆಳಗಿನ ಮಣ್ಣು ಸಡಿಲಗೊಳ್ಳಬಹುದು. ಗುಂಡಿಯಲ್ಲಿ ನೀರು ನಿಂತರೆ ಯಂತ್ರವೂ ಪಾಯವೂ ಕೆಡುತ್ತವೆ. ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಗೋಡೆಗಳೇ ಭಾರ ಹೊರುತ್ತವೆ. ಅವುಗಳಲ್ಲಿ ಬಾಗಿಲು ಕೊರೆಯುವುದು ಕಾಂಕ್ರೀಟ್ ಚೌಕಟ್ಟಿನ ನಡುವಣ ಇಟ್ಟಿಗೆ ಗೋಡೆ ಒಡೆದಷ್ಟು ಸುಲಭವಲ್ಲ. ಹೀಗಾಗಿ ಎಂಜಿನಿಯರುಗಳು ಸಾಮಾನ್ಯವಾಗಿ ಸ್ವಂತ ಅಡಿಪಾಯದ ಮೇಲೆ ನಿಲ್ಲುವ ಉಕ್ಕಿನ ಚೌಕಟ್ಟನ್ನು ಸೂಚಿಸುತ್ತಾರೆ. ಅದು ಹಳೆಯ ಕಟ್ಟಡದ ಮೇಲೆ ಭಾರ ಹೇರುವುದಿಲ್ಲ, ಎರಡರ ನಡುವೆ ಸಣ್ಣ ಅಂತರವೂ ಇರುತ್ತದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನೆನಪಿರುವ ಈ ಗಡಿ ಭಾಗದಲ್ಲಿ ಆ ಅಂತರ ವ್ಯರ್ಥವಲ್ಲ.

ಇನ್ನೊಂದು ತೊಡಕು ನಕ್ಷೆ ನೋಡುವವರೆಗೆ ಬಹಳ ಜನಕ್ಕೆ ತೋಚುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಹೊರಗೋಡೆಗೆ ತಾಗಿರುವುದು ಮನೆಬಾಗಿಲ ಮಟ್ಟದ ಅಂಗಳವಲ್ಲ, ಎರಡು ಮಹಡಿಗಳ ನಡುವೆ ಮೆಟ್ಟಿಲು ತಿರುಗುವ ಜಾಗ. ಹೊರಗಿನ ಲಿಫ್ಟ್ ಅಲ್ಲಿ ತೆರೆದುಕೊಂಡರೆ ಪ್ರತಿ ಮನೆಗೂ ಇನ್ನೂ ಎಂಟೋ ಹತ್ತೋ ಮೆಟ್ಟಿಲು ಉಳಿಯುತ್ತದೆ. ಮೊಣಕಾಲು ನೋವಿನವರಿಗೆ ಇದು ದೊಡ್ಡ ಉಪಕಾರವೇ, ಗಾಲಿಕುರ್ಚಿಯವರಿಗೆ ಏನೂ ಅಲ್ಲ. ಮನೆಮಟ್ಟಕ್ಕೇ ತಲುಪಬೇಕೆಂದರೆ ಬಾಲ್ಕನಿಯ ಕಡೆಯಿಂದ ಪ್ರವೇಶ ಅಥವಾ ಹೊಸ ಕಿರುಸೇತುವೆ ಬೇಕು. ಅದು ಮತ್ತೆ ಸುತ್ತ ಬಿಡಬೇಕಾದ ಜಾಗದ ಪ್ರಶ್ನೆಯನ್ನು ಎಬ್ಬಿಸುತ್ತದೆ.

ಅಂಗವಿಕಲರ ಹಕ್ಕು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 44ನೆಯ ಪ್ರಕರಣದಂತೆ ಪ್ರವೇಶಸಾಧ್ಯತೆಯ ನಿಯಮಗಳನ್ನು ಪಾಲಿಸದ ನಕ್ಷೆಗೆ ಮಂಜೂರಾತಿ ನೀಡುವಂತಿಲ್ಲ. ಈಗಾಗಲೇ ಇರುವ ಕಟ್ಟಡಗಳ ಮಾರ್ಪಾಡಿಗೆ ಐದು ವರ್ಷಗಳ ಗಡುವು ವಿಧಿಸಿದ 45ನೆಯ ಪ್ರಕರಣ ಸಾರ್ವಜನಿಕ ಕಟ್ಟಡಗಳನ್ನು ಕುರಿತದ್ದು. ಖಾಸಗಿ ವಸತಿ ಸಮುಚ್ಚಯದ ನಿವಾಸಿ ಅದನ್ನೇ ನೆಚ್ಚಿಕೊಂಡು ಲಿಫ್ಟ್ ಒತ್ತಾಯಿಸುವುದು ಕಷ್ಟ. ಗಾಲಿಕುರ್ಚಿಗೆ ಶಿಫಾರಸು ಮಾಡಲಾಗುವ ಹದಿಮೂರು ಜನರ ಲಿಫ್ಟ್‌ನ ಬಾಗಿಲು 900 ಮಿಲಿಮೀಟರ್ ಅಗಲವಿರಬೇಕು. ನಾಲ್ವರ ಲಿಫ್ಟ್‌ಗೆ ಇದು ನಿಲುಕದು.

ಬೇರೆ ದೇಶಗಳಲ್ಲಿ

ಸಿಂಗಪುರ 2001ರಲ್ಲಿ ಸರ್ಕಾರಿ ವಸತಿ ಕಟ್ಟಡಗಳ ಲಿಫ್ಟ್ ಉನ್ನತೀಕರಣ ಯೋಜನೆಯನ್ನು ಘೋಷಿಸಿತು. ಅಲ್ಲಿ ಅರ್ಹ ಕುಟುಂಬಗಳ ಶೇಕಡ 75 ಮತ ದೊರೆತರೆ ಕೆಲಸ ಆರಂಭವಾಗುತ್ತದೆ, ವೆಚ್ಚದ ಹೆಚ್ಚಿನ ಪಾಲನ್ನು ಸರ್ಕಾರ ಭರಿಸುತ್ತದೆ. ಚೀನಾದಲ್ಲಿ 2021ರ ಜನವರಿ 1ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯಂತೆ ಮೂರನೆಯ ಎರಡು ಭಾಗದಷ್ಟು ಮಾಲೀಕರು ಮತದಾನದಲ್ಲಿ ಭಾಗವಹಿಸಿ, ಭಾಗವಹಿಸಿದವರಲ್ಲಿ ನಾಲ್ಕನೆಯ ಮೂರು ಭಾಗ ಒಪ್ಪಿದರೆ ಕಟ್ಟಡವನ್ನು ಮಾರ್ಪಡಿಸಬಹುದು. ಅಲ್ಲಿಯೂ ವಿರೋಧ ಹೆಚ್ಚಾಗಿ ಬರುವುದು ಕೆಳಗಿನ ಮಹಡಿಯವರಿಂದಲೇ.