ಅನ್ನ ಮಾಡಲು ಬಾರದ ಅತಿಥಿ

ಪೂರ್ವದ ದೇಶಗಳ ಕುರಿತು ಪಾಶ್ಚಾತ್ಯರು ಬರೆದ ಪ್ರವಾಸ ಕಥನಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಪ್ರಶ್ನೆ ಕೇಳುವವನು ಪಾಶ್ಚಾತ್ಯ, ತೀರ್ಪು ನೀಡುವವನೂ ಅವನೇ. ಆದರೆ 1965ರಲ್ಲಿ ಪ್ರಕಟವಾದ ‘ಗೆಸ್ಟ್ಸ್ ಆಫ್ ದಿ ಶೇಖ್’ ಎಂಬ ಇಂಗ್ಲಿಷ್ ಕೃತಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಪರೀಕ್ಷೆಗೆ ಒಳಗಾಗುವವಳು ಅಮೆರಿಕದ ಮಹಿಳೆ. ಪರೀಕ್ಷಕರು ಇರಾಕಿನ ಒಂದು ಹಳ್ಳಿಯ ಗೃಹಿಣಿಯರು.

ಲೇಖಕಿ ಎಲಿಜಬೆತ್ ವಾರ್ನಾಕ್ ಫೆರ್ನಿಯಾ 1956ರಲ್ಲಿ ದಕ್ಷಿಣ ಇರಾಕಿಗೆ ಬಂದಾಗ ನವವಧು. ಪತಿ ರಾಬರ್ಟ್ ಶಿಕಾಗೋ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ಸಂಶೋಧಕ. ದೀವಾನಿಯಾ ಪ್ರದೇಶದ ಒಂದು ಶಿಯಾ ಬುಡಕಟ್ಟಿನ ಹಳ್ಳಿಯಲ್ಲಿ, ಶೇಖ್‌ರ ಅತಿಥಿಗಳಾಗಿ, ಮಣ್ಣಿಟ್ಟಿಗೆಯ ಚಿಕ್ಕ ಮನೆಯೊಂದರಲ್ಲಿ ಅವರ ಸಂಸಾರ ಆರಂಭವಾಯಿತು. ಆ ಹಳ್ಳಿಯನ್ನು ಎಲಿಜಬೆತ್ ತನ್ನ ಕೃತಿಯಲ್ಲಿ ಎಲ್ ನಹ್ರಾ ಎಂದು ಕರೆದಿದ್ದಾರೆ. ಗಂಡಸರ ಅತಿಥಿಗೃಹವಾದ ಮುದೀಫ್‌ನಲ್ಲಿ ರಾಬರ್ಟ್ ಕುಳಿತರೆ, ಪತ್ನಿಗೆ ತೆರೆದದ್ದು ಹೆಂಗಸರ ಅಂಗಳದ ಬಾಗಿಲು ಮಾತ್ರ. ಕಪ್ಪು ಅಬಾಯ ತೊಡುವುದು ಆಕೆಗೆ ಮೊದಲು ಹಿಡಿಸಿರಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೆ ನೆಟ್ಟಿರುವಾಗ ಆ ಉಡುಪೇ ನೆಮ್ಮದಿ ನೀಡುತ್ತದೆ ಎಂಬುದು ಅನುಭವದಿಂದ ತಿಳಿಯಿತು.

ಶೇಖ್‌ರ ಮನೆಯ ಮಹಿಳೆಯರು ಇಸ್ತಿಕಾನ್ ಎಂಬ ಪುಟ್ಟ ಗಾಜಿನ ಲೋಟದಲ್ಲಿ ಸಿಹಿಯಾದ ಕಪ್ಪು ಚಹಾ ಕೊಟ್ಟರು. ಜೊತೆಗೆ ಪ್ರಶ್ನೆಗಳನ್ನೂ ಸುರಿಸಿದರು. ಮಕ್ಕಳೇಕೆ ಆಗಿಲ್ಲ? ಕೂದಲೇಕೆ ಮೋಟು? ಇಷ್ಟು ಬಡಕಲೇಕೆ? ಚಿನ್ನವೇಕೆ ಇಲ್ಲ? ಎಲ್ಲಕ್ಕಿಂತ ಮಿಗಿಲಾಗಿ, ನಿನ್ನ ತಾಯಿ ಎಲ್ಲಿ? ತಾಯಿ ಅಮೆರಿಕದಲ್ಲಿದ್ದಾಳೆ ಎಂದಾಗ ಅವರ ಮುಖದಲ್ಲಿ ಕಂಡದ್ದು ಅಸೂಯೆಯಲ್ಲ, ಕನಿಕರ. ಶ್ರೀಮಂತ ದೇಶದ ವಿದ್ಯಾವಂತೆ ಅವರ ಕಣ್ಣಿಗೆ ತವರಿನಿಂದ ದೂರವಾದ ಒಂಟಿ ಹೆಣ್ಣಾಗಿದ್ದಳು.

ಅದಕ್ಕೆ ಅನ್ನದ ವಿಷಯವೂ ಸೇರಿಕೊಂಡಿತು. ಇರಾಕಿನ ಈ ಭಾಗ ಅಂಬರ್ ಎಂಬ ಪರಿಮಳದ ಅಕ್ಕಿಗೆ ಹೆಸರಾದದ್ದು. ಅಕ್ಕಿಯನ್ನು ಬೇಯಿಸಿ, ಗಂಜಿ ಬಸಿದು, ಕೊಬ್ಬು ಸೇರಿಸಿ ಮತ್ತೆ ಹಬೆಯಲ್ಲಿ ಇಡುತ್ತಾರೆ. ಅಗುಳು ಅಗುಳಿಗೆ ಅಂಟಬಾರದು. ಅತಿಥಿಗಳ ಮುಂದೆ ಇಡುವ ದೊಡ್ಡ ಹರಿವಾಣದಲ್ಲಿ ಅನ್ನದ ರಾಶಿ, ಅದರ ಮೇಲೆ ಕುರಿ ಮಾಂಸ; ಪಕ್ಕದಲ್ಲಿ ತಂದೂರಿನಿಂದ ತೆಗೆದ ಬಿಸಿ ರೊಟ್ಟಿ. ಇಂತಹ ಊರಿನಲ್ಲಿ ಅನ್ನ ಮಾಡಲು ಬಾರದವಳು ಗೃಹಿಣಿಯೇ ಅಲ್ಲ! ಎಲಿಜಬೆತ್ ತನ್ನ ಸೋಲನ್ನು ಮುಚ್ಚಿಡಲಿಲ್ಲ. ತನ್ನ ಪದವಿ, ಪುಸ್ತಕಗಳು ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ ಎಂಬುದನ್ನು ಒಪ್ಪಿಕೊಂಡೇ ಆಕೆ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು.

ಹಾಗೆ ಕುಳಿತುದರಿಂದಲೇ ಸ್ನೇಹ ಬೆಳೆಯಿತು. ಮುಹರ್ರಮ್‌ನ ಶೋಕ ಸಭೆಗಳಿಗೆ ಆಕೆಗೆ ಕರೆ ಬಂತು. ಹಳ್ಳಿಯ ಮಹಿಳೆಯರೊಡನೆ ಕರ್ಬಲಾಕ್ಕೂ ಹೋಗಿ ಬಂದರು. ‘ಹರಮ್’ ಎಂದರೆ ಸುಖಲೋಲುಪತೆಯ ಅಂತಃಪುರ ಎಂದು ಕಲ್ಪಿಸಿಕೊಂಡಿದ್ದ ಪಶ್ಚಿಮದ ಓದುಗರಿಗೆ ಆಕೆ ತೋರಿಸಿದ್ದು ರೊಟ್ಟಿ ತಟ್ಟುವ, ಮಕ್ಕಳ ಜ್ವರಕ್ಕೆ ಕಂಗಾಲಾಗುವ, ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುವ ಮನೆಮಂದಿಯನ್ನು.

ಹಾಗೆಂದು ಇದು ಹೊಗಳಿಕೆಯ ಪುಸ್ತಕವೂ ಅಲ್ಲ. ಬಡತನ, ಶಿಕ್ಷಣದ ಕೊರತೆ, ಮಾನದ ಹೆಸರಿನಲ್ಲಿ ಹೆಣ್ಣಿನ ಮೇಲಿರುವ ಬಿಗಿ ಕಾವಲು ಇವೆಲ್ಲವನ್ನೂ ಆಕೆ ಬರೆದಿದ್ದಾರೆ. ಇಂತಹ ಕಟ್ಟುಪಾಡುಗಳನ್ನು ಧರ್ಮವೆಂದು ಭ್ರಮಿಸುವ ಸಮಾಜಗಳು ಆ ಪುಟಗಳನ್ನೂ ಓದಬೇಕು. ಅದೇ ವೇಳೆ ಆ ಮಹಿಳೆಯರು ಆಕೆಗೆ ಎಸೆದ ಪ್ರಶ್ನೆಯೊಂದಿದೆ: ಅಮೆರಿಕದಲ್ಲಿ ವಯಸ್ಸಾದ ತಾಯಂದಿರನ್ನು ಮಕ್ಕಳಿಂದ ದೂರ, ಬೇರೆ ಮನೆಗಳಲ್ಲಿ ಇಡುತ್ತಾರಂತಲ್ಲ, ನಿಜವೇ? ಹೌದೆನ್ನದೆ ವಿಧಿಯಿಲ್ಲದ ಈ ಪ್ರಶ್ನೆಯನ್ನು ಆಕೆ ತನ್ನ ಓದುಗರಿಗೂ ದಾಟಿಸಿದರು.

1958ರಲ್ಲಿ ದಂಪತಿ ಹಳ್ಳಿ ತೊರೆದರು. ಅದೇ ವರ್ಷದ ಜುಲೈ 14ರ ಕ್ರಾಂತಿಯಲ್ಲಿ ಇರಾಕಿನ ರಾಜಪ್ರಭುತ್ವ ಉರುಳಿತು. ಮುಂದೆ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದ ಎಲಿಜಬೆತ್ ಈಜಿಪ್ಟ್ ಮತ್ತು ಮೊರಾಕೊದ ಬದುಕಿನ ಕುರಿತೂ ಬರೆದರು. 2008ರಲ್ಲಿ ನಿಧನರಾದರು. ಅದಕ್ಕೂ ಮೊದಲು, 2003ರಲ್ಲಿ, ಅವರ ದೇಶದ ಸೇನೆ ಇರಾಕನ್ನು ಆಕ್ರಮಿಸಿದ್ದನ್ನು ಕಾಣಬೇಕಾಯಿತು.

ಇರಾಕಿಗೆ ಅತಿಥಿಯಾಗಿ ಬಂದ ಅಮೆರಿಕ ಒಂದು, ಟ್ಯಾಂಕುಗಳೊಂದಿಗೆ ಬಂದ ಅಮೆರಿಕ ಇನ್ನೊಂದು. ಎರಡನೆಯದು ಆ ಜನರಿಗೆ ಏನು ಬೇಕೆಂಬುದನ್ನು ತಾನೇ ತೀರ್ಮಾನಿಸಿತ್ತು. ಮೊದಲನೆಯದು ತನಗೆ ಅನ್ನ ಮಾಡಲೂ ಬರುವುದಿಲ್ಲ ಎಂದು ಒಪ್ಪಿಕೊಂಡಿತ್ತು. ಒಂದು ಜನಾಂಗವನ್ನು ಅರಿಯುವ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.